ಕಾಫಿ ಮೆಷಿನ್ನಿನ ಗಂಟಲು

ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಯಾರಾದರೂ ನಮ್ಮ ಮನೆಗೆ ಬಂದರೆ ಅವರಿಗೆ ಊಟದ ಮೇಜಿನ ಹತ್ತಿರ ಜಾಗ ಸಿಗುವುದಿಲ್ಲ. ಮೇಜಿನ ತುಂಬ ಹಳೆಯ ಪೇಪರು ಹಾಸಿ, ಅದರ ಮೇಲೆ ಕಾಫಿ ಮೆಷಿನ್ನಿನ ಅಂಗಾಂಗಗಳನ್ನು ಹರವಿಕೊಂಡು ನಾನು ಕುಳಿತಿರುತ್ತೇನೆ. ಕೈಯಲ್ಲಿ ಸವೆದ ಟೂತ್‌ಬ್ರಷ್ಷು, ಮೂಗಿನ ಮೇಲೆ ಓದುವ ಕನ್ನಡಕ. ಬಂದವರು "ಅಯ್ಯೋ, ಕೆಟ್ಟುಹೋಯ್ತಾ?" ಎಂದು ಮರುಗುತ್ತಾರೆ. ಕೆಟ್ಟಿಲ್ಲ, ಕೆಡದಿರಲಿ ಅಂತ ಬಿಚ್ಚಿದ್ದು ಎಂದರೆ ನನ್ನ ಮುಖವನ್ನೂ ನನ್ನ ಗಂಡನ ಮುಖವನ್ನೂ ಸರದಿಯಂತೆ ನೋಡುತ್ತಾರೆ. ನಿವೃತ್ತಿಯಾದ ಮೇಲೆ ಹೆಂಗಸಿಗೆ ಏನೋ ಹಿಡಿದಿದೆ ಎಂದು ಅವರು ಲಿಫ್ಟಿನಲ್ಲಿ ಮಾತಾಡಿಕೊಳ್ಳುವುದು ನನಗೆ ಗೊತ್ತು. ಮಾತಾಡಿಕೊಳ್ಳಲಿ. ಆಮೇಲೆ ಕಾಫಿ ಕುಡಿಯಲು ಅವರೇ ಬರುತ್ತಾರೆ.

ಹಿಂದೆ ನಾನು ಹೀಗಿರಲಿಲ್ಲ. ಬಲ್ಬು ಬದಲಿಸುವುದಕ್ಕೂ ವಾಚ್‌ಮನ್‌ಗೆ ಹೇಳಿ ಕಳಿಸುತ್ತಿದ್ದವಳು. ಮಿಕ್ಸಿಯ ಜಾರು ಸರಿಯಾಗಿ ಕೂರದಿದ್ದರೆ ಅದನ್ನು ಗದರಿಸುತ್ತಿದ್ದೆನೇ ಹೊರತು ಬಗ್ಗಿ ಕೆಳಗೆ ಏನಿದೆ ಎಂದು ನೋಡಿದವಳಲ್ಲ. ನಮ್ಮ ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಇದೆ ಎಂಬುದೇ ನನಗೆ ಹೋದ ವರ್ಷ ಗೊತ್ತಾದದ್ದು. ಅದೂ ಊದುಬತ್ತಿ, ಕರ್ಪೂರಗಳ ಡಬ್ಬಿಯಲ್ಲಿತ್ತು. ದೇವರಿಗೆ ಅದರಿಂದ ಏನು ಸೇವೆ ಆಗುತ್ತಿತ್ತೋ ನಾನು ಕಾಣೆ.

ಮೆಷಿನ್ನು ಮನೆಗೆ ಬಂದದ್ದು ನನ್ನ ಬಾಯಿಯ ಫಲವಾಗಿ. ಡೊಂಬಿವಲಿಯಿಂದ ಫೋರ್ಟಿನ ವಿಮಾ ಕಚೇರಿಗೆ ಮೂವತ್ತೊಂದು ವರ್ಷ ಲೋಕಲ್ ಟ್ರೇನಿನಲ್ಲಿ ಹೋಗಿ ಬಂದೆ. ಆಫೀಸಿನಲ್ಲಿ ಗುಂಡಿ ಒತ್ತಿದರೆ ಕಾಫಿ ಬಣ್ಣದ ಬಿಸಿನೀರು ಸುರಿಸುವ ಒಂದು ಡಬ್ಬಿ ಇತ್ತು. ಅದನ್ನು ನಾನು ಬೈಯದ ದಿನವಿಲ್ಲ. ನಮ್ಮ ಅಪ್ಪಯ್ಯ ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿದವರು, ಉಡುಪಿ ಕಡೆಯ ಕಾಫಿ ಎಂದರೆ ಹೇಗಿರುತ್ತಿತ್ತು ಗೊತ್ತಾ ಎಂದು ಶುರುಮಾಡಿದರೆ ಪಕ್ಕದ ಮೇಜಿನವರು ಫೈಲು ತೆರೆದು ತಲೆ ಅಡಗಿಸುತ್ತಿದ್ದರು. ಕೊನೆಯ ದಿನ ಎಲ್ಲರೂ ಸೇರಿ ಇಷ್ಟೆತ್ತರದ ಒಂದು ಪೆಟ್ಟಿಗೆ ಕೊಟ್ಟರು. ಬಿಚ್ಚಿದರೆ ಫಳಫಳ ಹೊಳೆಯುವ ಎಸ್ಪ್ರೆಸೊ ಮೆಷಿನ್ನು. "ಇನ್ನು ಮನೆಯಲ್ಲೇ ಬೈದುಕೊಳ್ಳಿ ಮೇಡಮ್" ಎಂದು ನಗಾಡಿದರು. ನಗುತ್ತ ನಗುತ್ತ ಕೆಲವರ ಕಣ್ಣು ಒದ್ದೆಯಾಗಿತ್ತು. ನನ್ನದಂತೂ ಧಾರಾಕಾರ.

ಅದರ ಜೊತೆ ಒಂದು ಪುಸ್ತಕ ಬಂದಿತ್ತು. ಅದನ್ನು ನಾನು ಓದಲಿಲ್ಲ. ಹೋಟೆಲಿನವರ ಮಗಳಿಗೆ ಕಾಫಿ ಮಾಡುವುದನ್ನು ಪುಸ್ತಕ ಹೇಳಿಕೊಡಬೇಕೇ? ಮಾಟುಂಗಾದಿಂದ ತರಿಸುವ ನಯವಾದ ಚಿಕೋರಿ ಬೆರೆಸಿದ ಪುಡಿಯನ್ನೇ ತುಂಬಿದೆ. ನೀರು, ನಮ್ಮ ಸೊಸೈಟಿಯ ನಲ್ಲಿಯಲ್ಲಿ ಏನು ಬರುತ್ತದೋ ಅದು. ಬೇಸಿಗೆಯಲ್ಲಿ ಅಲ್ಲಿ ಬರುವುದು ಟ್ಯಾಂಕರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಹಿಡಿಸುವ, ಬೇಳೆ ಬೇಯಿಸಲಾರೆನೆಂದು ಹಟ ಮಾಡುವ ಬೋರ್‌ವೆಲ್ಲಿನ ನೀರು. ಎಂಟು ತಿಂಗಳು ಮೆಷಿನ್ನು ಪಾಪ ಎಲ್ಲ ಸಹಿಸಿತು. ಒಂಬತ್ತನೆಯ ತಿಂಗಳು ಒಂದು ಶುಕ್ರವಾರ, ಗುಂಡಿ ಒತ್ತಿದರೆ ಒಳಗಿನಿಂದ ಘುರ್ ಎಂದು ಭಾರೀ ಶಬ್ದ ಬಂತು. ಲೋಟಕ್ಕೆ ಬಿದ್ದದ್ದು ಮೂರು ಹನಿ. ಮೂರನೆಯದು ಬೀಳಲೋ ಬೇಡವೋ ಎಂದು ಯೋಚಿಸಿ ಬಿತ್ತು.

ಅವತ್ತೇ ಮಧ್ಯಾಹ್ನ ರಿಪೇರಿಯವರು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಬಹಳ ಗಂಭೀರ. ಮೆಷಿನ್ನಿನ ಬೆನ್ನಿಗೆ ಎರಡು ಸಲ ತಟ್ಟಿದರು, ಕಿವಿಯಿಟ್ಟು ಕೇಳಿದರು, ತಲೆ ಅಲ್ಲಾಡಿಸಿದರು. "ಪಂಪ್ ಗಯಾ ಮೇಡಮ್. ಅಬ್ ನಯಾ ಲೇ ಲೋ" ಎಂದರು, ಪಂಪು ಹೋಗಿದೆ, ಹೊಸದನ್ನೇ ಕೊಳ್ಳಿ ಎಂದು. ಒಂದೇ ಒಂದು ಸ್ಕ್ರೂ ಬಿಚ್ಚಲಿಲ್ಲ. ಬಿಚ್ಚಿ ನೋಡಬಾರದೇ ಎಂದು ಕೇಳಿದ್ದಕ್ಕೆ, ಇದೆಲ್ಲ ನಾಜೂಕಿನ ಮಾಲು, ನೀವಂತೂ ಕೈ ಹಾಕಲೇಬೇಡಿ ಎಂದು ಹೇಳಿ ಹೊರಟುಹೋದರು.

ನನ್ನ ಗಂಡ ಅರವಿಂದ ಧಾರವಾಡದವರು. ಅವರಿಗೆ ಕಾಫಿಯೂ ಒಂದೇ ಚಹಾವೂ ಒಂದೇ. ಅಡಿಗೆಮನೆಯ ಕಟ್ಟೆಯ ಮೇಲೆ ಅಷ್ಟು ಜಾಗ ತಿನ್ನುವ ಈ ಪೆಟ್ಟಿಗೆಯ ಮೇಲೆ ಅವರಿಗೆ ಮೊದಲಿನಿಂದಲೂ ಕೆಂಗಣ್ಣಿತ್ತು. ಸಂಜೆ ಸುದ್ದಿ ಕೇಳಿದವರೇ, "ಸತ್ತs ಹೋತಲ್ಲ ಹಂಗಾರ. ಐತವಾರ ಭಂಗಾರದಾಂವ ಬರ್ತಾನ, ಪೇಪರಿನ ಜೋಡಿ ಇದನ್ನೂ ಕೊಟ್ಟುಬಿಡೋಣಂತ" ಎಂದರು.

ಹಳೆ ಪೇಪರು, ಮುರುಕು ಸಾಮಾನು ಒಯ್ಯುವ ಆ ಭಂಗಾರವಾಲಾ ಪ್ರತಿ ಭಾನುವಾರ ಹನ್ನೊಂದಕ್ಕೆ ನಮ್ಮ ಬಿಲ್ಡಿಂಗಿನ ಕೆಳಗೆ ಕೂಗು ಹಾಕುತ್ತಾನೆ.

"ನನ್ನ ಆಫೀಸಿನವರು ಕೊಟ್ಟದ್ದು ರೀ ಅದು."

"ಅವರು ಕೊಟ್ಟಿದ್ದು ಕಾಫಿ ಕುಡಿಲಿಕ್ಕೆ. ನೋಡ್ಕೋತ ಕೂಡ್ಲಿಕ್ಕಲ್ಲ."

"ನಾನೇ ಬಿಚ್ಚಿ ನೋಡ್ತೇನೆ."

ಅವರು ನಕ್ಕರು. ಜೋರಾಗಿ ನಕ್ಕಿದ್ದರೆ ಬೇಜಾರಿರಲಿಲ್ಲ. ಮಕ್ಕಳ ಮಾತಿಗೆ ನಗುತ್ತಾರಲ್ಲ, ಹಾಗೆ ನಕ್ಕರು. "ಆತು, ಐತವಾರ ಹನ್ನೊಂದರ ತನಕಾ ನಿನ್ನ ಟೈಮು" ಎಂದರು.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಅರವಿಂದ ಹಾಲು ತರಲು ಹೋಗಿದ್ದರು. ಓದದೆ ಬಿಟ್ಟಿದ್ದ ಪುಸ್ತಕವನ್ನು ಹುಡುಕಿ ತೆಗೆದರೆ ಎರಡನೆಯ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದೆ: ಚಿಕೋರಿ ಬೆರೆಸಿದ ಪುಡಿ ಹಾಕಬೇಡಿ. ಬಹಳ ನುಣ್ಣನೆಯ ಪುಡಿ ಹಾಕಬೇಡಿ. ಗಡಸು ನೀರು ಹಾಕಬೇಡಿ. ನಾನು ಎಂಟು ತಿಂಗಳು ಮೂರನ್ನೂ ಭಕ್ತಿಯಿಂದ ಮಾಡಿದ್ದೆ. ನಾಚಿಕೆಯಾಯಿತು. ಆದರೆ ಅದರ ಹಿಂದೆಯೇ ಒಂದು ಧೈರ್ಯವೂ ಬಂತು. ಪಂಪು ಸತ್ತಿದ್ದರೆ ಅಷ್ಟು ಜೋರಾಗಿ ಕೂಗುತ್ತದೆಯೇ? ಅದು ತಳ್ಳುತ್ತಿದೆ, ನೀರಿಗೆ ಹೋಗಲು ದಾರಿಯಿಲ್ಲ. ಕಟ್ಟಿರುವುದು ಗಂಟಲು.

ಕಾಫಿ ಪುಡಿಯ ಬಟ್ಟಲನ್ನು ಸಿಕ್ಕಿಸುವ ಜಾಗದ ಮೇಲ್ಗಡೆ ಒಂದು ದುಂಡನೆಯ ಜಾಲರಿ ಇರುತ್ತದೆ. ಬಿಸಿನೀರು ಅದರ ತೂತುಗಳಿಂದ ಪುಡಿಯ ಮೇಲೆ ಸುರಿಯಬೇಕು. ಜಾಲರಿಯ ನಟ್ಟನಡುವೆ ಒಂದೇ ಒಂದು ಸ್ಕ್ರೂ. ಕತ್ತು ತಿರುಚಿ ಕೆಳಗಿನಿಂದ ನೋಡಿದೆ, ಕಾಣಲಿಲ್ಲ. ಸುಲಭವಾಗಲಿ ಎಂದು ಇಡೀ ಮೆಷಿನ್ನನ್ನು ಎತ್ತಿ ತಲೆಕೆಳಗು ಮಾಡಿದೆ. ಅದರ ಕೆಳಗಿನ ತಟ್ಟೆಯಲ್ಲಿ ವಾರದ ಕಾಫಿ ನೀರು ತುಂಬಿತ್ತು ಎಂಬುದು ನೆನಪಾಗುವಷ್ಟರಲ್ಲಿ ಅದು ನನ್ನ ಸೀರೆ, ಕಟ್ಟೆ, ನೆಲ, ಬಾಗಿಲ ಬಳಿಯ ಚಪ್ಪಲಿ ಎಲ್ಲವನ್ನೂ ತೋಯಿಸಿ ಹರಿದಿತ್ತು. ಅದೇ ಹೊತ್ತಿಗೆ ಹಾಲಿನ ಪ್ಯಾಕೆಟ್ಟು ಹಿಡಿದು ಬಂದ ಅರವಿಂದ ಬಾಗಿಲಲ್ಲೇ ನಿಂತರು.

"ಏನಿದು ಸುಧಾ, ಅಡಗಿಮನ್ಯಾಗ ಹೊಳಿ ಹರಿಸೀಯಲ್ಲ!"

ನಾನು ಎಲ್ಲ ಒರೆಸಿದೆ. ಆಮೇಲೆ ಆ ಸ್ಕ್ರೂವಿನ ಜೊತೆ ಒಂದು ಗಂಟೆ ಗುದ್ದಾಡಿದೆ. ಅದು ಜಪ್ಪಯ್ಯ ಅನ್ನಲಿಲ್ಲ. ಸ್ಕ್ರೂಡ್ರೈವರ್ ಜಾರಿ ಜಾರಿ ಅದರ ಗೆರೆಯೇ ಸವೆಯತೊಡಗಿತು. ಇನ್ನೆರಡು ಸಲ ಜಾರಿದರೆ ಮುಗಿಯಿತು ಎಂದು ಗೊತ್ತಾದಾಗ ಕೈಬಿಟ್ಟು ಕುರ್ಚಿಯಲ್ಲಿ ಕೂತೆ. ಅಳು ಬರುವಂತಿತ್ತು. ಆಗ ಹತ್ತು ಗಂಟೆ. ಅದು ಅಪ್ಪಯ್ಯನಿಗೆ ನಾನು ದಿನವೂ ಫೋನು ಮಾಡುತ್ತಿದ್ದ ಹೊತ್ತು.

ಅಪ್ಪಯ್ಯನ ವಿಷಯ ಹೇಳಬೇಕು. ಅವರಿಗೆ ಈಗ ಎಂಬತ್ತಮೂರು. ನಲವತ್ತೈದು ವರ್ಷ ಹೋಟೆಲು ನಡೆಸಿದರು. ಅಮ್ಮ ತೀರಿಕೊಂಡ ವರ್ಷವೇ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಸಾನಪಾಡಾದಲ್ಲಿರುವ ನನ್ನ ತಮ್ಮ ರಘುವಿನ ಮನೆಗೆ ಹೋದರು. ರಘು, ಅವನ ಹೆಂಡತಿ ಇಬ್ಬರೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ತಿಂಡಿ, ಔಷಧಿ, ಬಾಲ್ಕನಿಯಲ್ಲಿ ಮೆತ್ತೆ ಹಾಕಿದ ಕುರ್ಚಿ. ಆದರೆ ಅಪ್ಪಯ್ಯ ಮಾತು ನಿಲ್ಲಿಸಿಬಿಟ್ಟರು. ಸಿಟ್ಟಿನಿಂದಲ್ಲ. ಹೇಳುವುದಕ್ಕೆ ಏನೂ ಇಲ್ಲದವರ ಹಾಗೆ. ಒಂದು ಕಾಲದಲ್ಲಿ ಅಡಿಗೆಯವರಿಗೆ ಕನ್ನಡದಲ್ಲಿ, ತರಕಾರಿಯವನಿಗೆ ಮರಾಠಿಯಲ್ಲಿ, ಗ್ಯಾಸಿನವನಿಗೆ ಹಿಂದಿಯಲ್ಲಿ ಏಕಕಾಲಕ್ಕೆ ಕೂಗುತ್ತಿದ್ದ ಮನುಷ್ಯ ಮೂರು ವರ್ಷದಿಂದ ಬಾಲ್ಕನಿಯಲ್ಲಿ ಕೂತು, ಎದುರಿನ ರೈಲು ನಿಲ್ಲಿಸುವ ಕಾರ್‌ಶೆಡ್ಡಿಗೆ ಹೋಗಿ ಬರುವ ಟ್ರೇನುಗಳನ್ನು ನೋಡುತ್ತಿದ್ದರು. ನನ್ನ ಫೋನಿಗೆ ಅವರ ಉತ್ತರಗಳು ನನಗೆ ಬಾಯಿಪಾಠ.

"ತಿಂಡಿ ಆಯ್ತಾ ಅಪ್ಪಯ್ಯ?"

"ಆಯ್ತು."

"ಆರಾಮಿದ್ದೀರಾ?"

"ಹ್ಞೂಂ."

ಅಲ್ಲಿಗೆ ಮುಗಿಯುತ್ತಿತ್ತು. ಅವತ್ತು ಮಾತ್ರ ಹ್ಞೂಂ ಎನ್ನಲಿಲ್ಲ. "ನಿನ್ನ ಸ್ವರ ಎಂತ ಹಾಗುಂಟು?" ಎಂದರು.

"ಏನಿಲ್ಲ. ಒಂದು ಸ್ಕ್ರೂ ಬರ್ತಾ ಇಲ್ಲ."

ಫೋನು ರಘುವಿನ ಕೈಗೆ ಹೋಯಿತೆಂದೇ ತಿಳಿದೆ.

"ಯಾವುದರ ಸ್ಕ್ರೂ?"

"ಕಾಫಿ ಮೆಷಿನ್ನಿಂದು. ನೀರು ಕಟ್ಟಿದೆ."

"ಹಿತ್ತಾಳೆಯದ್ದಾ, ಸ್ಟೀಲಿಂದಾ?"

"ಸ್ಟೀಲು ಅಂತ ಕಾಣ್ತದೆ."

"ಮೆಷಿನ್ನು ಈಗ ಬಿಸಿ ಉಂಟಾ, ತಣ್ಣಗಾ?"

"ತಣ್ಣಗೆ. ಕೈ ಸುಡಬಾರದಲ್ಲ."

"ತಣ್ಣಗಿದ್ರೆ ಅದು ಈ ಜನ್ಮದಲ್ಲಿ ಬರುದಿಲ್ಲ ಮಾರಾಯ್ತಿ! ಒಳಗೆ ಕಾಫಿ ಜಿಗುಟು ಹಿಡಿದಿರ್ತದೆ. ಮೊದಲು ಬಿಸಿ ಮಾಡು. ಜಿಗುಟು ಸಡಿಲಾಗ್ತದೆ. ಆಮೇಲೆ ಸ್ವಿಚ್ ತೆಗೆದು ಪ್ಲಗ್ ಎಳಿ. ಕೈಗೆ ದಪ್ಪ ಬಟ್ಟೆ ಹಿಡ್ಕೋ. ಮತ್ತೆ, ಸೀದಾ ಬಿಚ್ಚುವ ಬದಿಗೆ ತಿರುಗಿಸ್ಬೇಡ. ಬಿಗಿ ಮಾಡುವ ಬದಿಗೆ ಒಂಚೂರು ತಿರುಗಿಸು. ಟಕ್ ಅಂತದೆ. ಟಕ್ ಅಂದ ಮೇಲೆ ಬಿಚ್ಚು."

ಮೂರು ವರ್ಷದಲ್ಲಿ ಅವರು ನನ್ನ ಹತ್ತಿರ ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ನಾನು ಫೋನು ಹಿಡಿದು ಹಾಗೇ ಕೂತಿದ್ದೆ. ಅತ್ತಲಿಂದ "ಕೇಳ್ತಾ ಉಂಟಾ?" ಎಂದು ಗದರಿದರು. ಹೋಟೆಲಿನ ಗದರಿಕೆ. ಆ ದನಿ ಕೇಳದೆ ಎಷ್ಟು ದಿನವಾಗಿತ್ತು!

ಅವರು ಹೇಳಿದ ಹಾಗೆಯೇ ಮಾಡಿದೆ. ಮೆಷಿನ್ನು ಬಿಸಿ ಮಾಡಿದೆ, ಪ್ಲಗ್ ಎಳೆದೆ, ಬಟ್ಟೆ ಸುತ್ತಿದ ಕೈಯಿಂದ ಬಿಗಿ ಮಾಡುವ ಕಡೆಗೆ ಒಂಚೂರು ಒತ್ತಿದೆ. ಟಕ್. ಬಿಚ್ಚುವ ಕಡೆಗೆ ತಿರುಗಿಸಿದೆ. ಸ್ಕ್ರೂ ಉಗುರಿನಲ್ಲಿ ತಿರುಗಿಸುವಷ್ಟು ಸಲೀಸಾಗಿ ಕೈಗೆ ಬಂತು. ನಾನು ಹಾಕಿದ ಕೂಗಿಗೆ ಅರವಿಂದ ಪೇಪರು ಬಿಸಾಡಿ ಓಡಿ ಬಂದರು, ಸುಟ್ಟುಕೊಂಡಳೆಂದು ತಿಳಿದು.

ಆ ಜಾಲರಿಯನ್ನು ನೀವು ನೋಡಬೇಕಿತ್ತು. ಬೇಡ, ನೋಡದಿರುವುದೇ ಒಳ್ಳೆಯದು. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕರ್ರಗೆ ಮೆತ್ತಿಕೊಂಡಿತ್ತು. ನೂರಾರು ತೂತುಗಳಲ್ಲಿ ತೆರೆದಿದ್ದವು ಐದೋ ಆರೋ. ನಾನು ಇಷ್ಟು ದಿನ ಈ ಡಾಂಬರಿನಿಂದ ಇಳಿದದ್ದನ್ನು ಕುಡಿದು ಆಹಾ ಎನ್ನುತ್ತಿದ್ದೆ! ಬಿಸಿನೀರಿನಲ್ಲಿ ನೆನೆಹಾಕಿ, ಟೂತ್‌ಬ್ರಷ್ಷಿನಿಂದ ತಿಕ್ಕಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದೆ. ಒಂದೊಂದು ತೂತಿನಲ್ಲೂ ಒಂದೊಂದು ಚುಕ್ಕೆ ಬೆಳಕು. ಅರವಿಂದರಿಗೂ ತೋರಿಸಿದೆ. "ಹ್ಞಾಂ, ಅಡ್ಡಿಯಿಲ್ಲ" ಎಂದರು. ಧಾರವಾಡದವರ ಬಾಯಿಂದ ಅಷ್ಟು ಬಂದರೆ ಸಣ್ಣ ಮಾತಲ್ಲ.

ಅಷ್ಟರಲ್ಲಿ ಫೋನು. ರಘು.

"ಅಕ್ಕಾ, ಅಪ್ಪಯ್ಯನಿಗೆ ಎಂತ ಹೇಳಿದ್ದಿ ನೀನು? ಬಂತಾ ಬಂತಾ ಅಂತ ಕೇಳ್ತಾ ನನ್ನ ಹಿಂದೆ ಸುತ್ತಾ ಇದ್ದಾರೆ. ಎಂತ ಬರ್ಬೇಕು?"

"ಸ್ಕ್ರೂ. ಬಂತು ಅಂತ ಹೇಳು."

ಅವನು ಹೇಳುವುದಕ್ಕೆ ಮುಂಚೆ ಫೋನು ಅವನ ಕೈಯಿಂದ ಹೋಯಿತು. "ನೀರು ಯಾವುದು ಹಾಕ್ತಿ?" ಎಂದರು ಅಪ್ಪಯ್ಯ. ಟ್ಯಾಂಕರಿನದ್ದು ಎಂದೆ. "ಹಾಗಾದ್ರೆ ಒಳಗೆಲ್ಲ ಸುಣ್ಣ ಕಟ್ಟಿರ್ತದೆ. ಹುಣಸೆ ಹುಳಿ ಹಾಕ್ಬೇಕು."

ಹುಣಸೆ ಎಂದದ್ದೇ ನನಗೆ ಕಲ್ಯಾಣಿನ ಹೋಟೆಲು ಕಣ್ಣಿಗೆ ಕಟ್ಟಿತು. ಅಲ್ಲಿ ನನ್ನ ಎತ್ತರದ ಒಂದು ಹಿತ್ತಾಳೆ ಬಾಯ್ಲರ್ ಇತ್ತು. ತಿಂಗಳಿಗೊಮ್ಮೆ ಹೋಟೆಲಿಗೆ ರಜೆ ಮಾಡಿ ಅಪ್ಪಯ್ಯ ಅದಕ್ಕೆ ಹುಣಸೆ ನೀರು ತುಂಬಿ ಕಾಯಿಸುತ್ತಿದ್ದರು. ಆಮೇಲೆ ಬಗ್ಗಿಸಿದರೆ ಒಳಗಿನಿಂದ ಮೊಟ್ಟೆಯ ಓಡಿನಂಥ ಬಿಳಿ ಚಕ್ಕೆಗಳು ಸುರಿಯುತ್ತಿದ್ದವು. ರಘುವನ್ನು ನಲ್ಲಿ ಹಿಡಿಯಲು ಕರೆಯುತ್ತಿದ್ದರು. ಅವನಿಗೆ ಅದೆಂದರೆ ಬೇಸರ, ಕ್ರಿಕೆಟ್ಟಿಗೆ ಹೋಗಬೇಕು. ನನಗೆ ಪ್ರಾಣ. ಆದರೆ ನಾನು ಹತ್ತಿರ ಹೋದರೆ "ದೂರ ನಿಲ್ಲು, ಬಿಸಿ ಹಾರ್ತದೆ" ಎಂದು ಅಟ್ಟುತ್ತಿದ್ದರು. ಹಾಗಾಗಿ ನಾನು ಅಕ್ಕಿಮೂಟೆಯ ಮೇಲೆ ಕೂತು ನೋಡುವವಳು. ಚಕ್ಕೆಗಳು ಮಾತ್ರ ನನಗೆ. ಒಮ್ಮೆ ಅದನ್ನು ಕರ್ಚೀಫಿನಲ್ಲಿ ಕಟ್ಟಿ ಶಾಲೆಗೆ ಒಯ್ದು, ನಮ್ಮ ಅಪ್ಪಯ್ಯ ನೀರಿನಿಂದ ಕಲ್ಲು ಮಾಡುತ್ತಾರೆ ಎಂದು ಇಡೀ ತರಗತಿಗೆ ಹೇಳಿದ್ದೆ. ಟೀಚರು ಸುಳ್ಳು ಹೇಳಬಾರದು ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತಷ್ಟು ಹೊತ್ತೂ ನನಗೆ ಹೆಮ್ಮೆಯೇ. ಎತ್ತರದಿಂದ ಎಲ್ಲರಿಗೂ ಇನ್ನೂ ಚೆನ್ನಾಗಿ ತೋರಿಸಬಹುದಿತ್ತು.

"ಹುಣಸೆ ಬೇಡ ಅಪ್ಪಯ್ಯ. ಇದರ ಕೊಳವೆ ದಾರದಷ್ಟು ಸಪೂರ. ಹುಣಸೆಯ ನಾರು ಮತ್ತೆ ಸಿಕ್ಕಿಕೊಂಡೀತು" ಎಂದೆ.

ಅವರು ಒಂದು ಕ್ಷಣ ಯೋಚಿಸಿದರು. "ಅದು ಸರಿ. ಹಾಗಾದ್ರೆ ಕಿರಾಣಿ ಅಂಗಡಿಯಲ್ಲಿ ಲಿಂಬೂಫೂಲ್ ಅಂತ ಕೇಳು. ಉಪ್ಪಿನ ಹಾಗೆ ಇರ್ತದೆ, ಹುಳಿ. ನೀರಲ್ಲಿ ಪೂರಾ ಕರಗ್ತದೆ." ನಾನು ಹೇಳಿದ್ದು ಸರಿ ಎಂದು ಅಪ್ಪಯ್ಯ ಒಪ್ಪಿದ್ದು, ನನಗೆ ನೆನಪಿರುವ ಮಟ್ಟಿಗೆ, ಅದೇ ಮೊದಲು.

ಲಿಂಬೂಫೂಲ್ ತರಲು ಹೋದವರು ಅರವಿಂದ. ಯಾರೂ ಹೇಳಿರಲಿಲ್ಲ, ಚಪ್ಪಲಿ ಮೆಟ್ಟಿ ತಾವೇ ಹೊರಟರು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ ಮೆಷಿನ್ನಿನ ನೀರಿನ ತೊಟ್ಟಿಗೆ ಹಾಕಿದೆ. ಜಾಲರಿಯನ್ನು ಮತ್ತೆ ಹಾಕಿರಲಿಲ್ಲ. "ಹಾಕಿದ ಕೂಡ್ಲೆ ಓಡಿಸ್ಬೇಡ" ಎಂದು ಅಪ್ಪಯ್ಯ ತಾಕೀತು ಮಾಡಿದ್ದರು. "ಸ್ವಲ್ಪ ಎಳ್ಕೊಳ್ಳಲಿ, ನಿಲ್ಲಿಸು. ಇಪ್ಪತ್ತು ನಿಮಿಷ ಬಿಡು. ಮತ್ತೆ ಸ್ವಲ್ಪ." ಪ್ರತಿ ಇಪ್ಪತ್ತು ನಿಮಿಷಕ್ಕೂ ಅವರ ಫೋನು ಬಂತು. ಗಡಿಯಾರ ಇಟ್ಟುಕೊಂಡೇ ಕೂತಿದ್ದರಂತೆ. ಮೂರನೆಯ ಸಲ ಗುಂಡಿ ಒತ್ತಿದಾಗ ಮೆಷಿನ್ನು ಒಮ್ಮೆ ಕೆಮ್ಮಿತು. ಕಂದು ನೀರು, ಅದರ ಹಿಂದೆ ಬಿಳಿ ನೀರು, ಅದರೊಳಗೆ ಸಾಸಿವೆಯಷ್ಟು ಸಣ್ಣ ಸಣ್ಣ ಬಿಳಿ ಚಕ್ಕೆಗಳು. ಆಮೇಲೆ ಸರಾಗ ಧಾರೆ. ಫೋನನ್ನು ಆ ಧಾರೆಯ ಹತ್ತಿರ ಹಿಡಿದೆ. ಸಾನಪಾಡಾದಲ್ಲಿ ಅಪ್ಪಯ್ಯ ಆ ಶಬ್ದ ಕೇಳಿ, "ಹಾಂ!" ಎಂದರು. ಅಷ್ಟೇ. ಆ 'ಹಾಂ' ನನಗೆ ಸಾಕಿತ್ತು.

ಆದರೆ ಪೂರ್ತಿ ಗೆದ್ದಿರಲಿಲ್ಲ. ಹಾಲು ನೊರೆ ಬರಿಸುವುದಕ್ಕೆ ಪಕ್ಕದಲ್ಲಿ ಒಂದು ಹಬೆಯ ಕೊಳವೆ ಇದೆ. ಅದರಿಂದ ಉಸಿರೇ ಇಲ್ಲ. ತುದಿಯ ತೂತುಗಳಲ್ಲಿ ಹಾಲು ಒಣಗಿ ಕಲ್ಲಾಗಿತ್ತು. ಟೂತ್‌ಪಿಕ್ ಹಾಕಿದರೆ ಮುರಿಯಿತು, ಹೊಲಿಗೆ ಸೂಜಿ ಹಾಕಿದರೆ ಬಾಗಿತು. ಅಪ್ಪಯ್ಯನಿಗೆ ಹೇಳಿದೆ. "ನೋಡುವ" ಎಂದು ಫೋನು ಇಟ್ಟರು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಅಪ್ಪಯ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. ಅವರ ಹಿಂದೆ ಯಾರೂ ಇಲ್ಲ. ನಾನು ಲಿಫ್ಟಿನ ಕಡೆ ಇಣುಕಿದೆ.

"ರಘು ಎಲ್ಲಿ?"

"ಮನೆಯಲ್ಲಿ."

"ನೀವು ಹೇಗೆ ಬಂದ್ರಿ?"

"ಟ್ರೇನಲ್ಲಿ. ಮತ್ತೆ ನಡ್ಕೊಂಡು ಬರ್ಲಿಕ್ಕಾಗ್ತದಾ?" ಒಳಗೆ ಬಂದು ಚಪ್ಪಲಿ ಕಳಚಿದರು. "ಥಾಣೆಯಲ್ಲಿ ಬದಲಿಸಿದೆ. ಇವತ್ತು ಹನ್ನೊಂದಕ್ಕೆ ಹಳಿ ರಿಪೇರಿಯ ಮೆಗಾಬ್ಲಾಕ್ ಉಂಟು, ಆಮೇಲೆ ಗಾಡಿ ಸರಿ ಸಿಗುದಿಲ್ಲ. ಅದಕ್ಕೇ ಬೇಗ ಹೊರಟೆ."

ಮೂರು ವರ್ಷದಿಂದ ಲಿಫ್ಟಿನಲ್ಲೂ ಒಬ್ಬರೇ ಇಳಿಯದ ಮನುಷ್ಯ, ಥಾಣೆ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಪ್ಲಾಟ್‌ಫಾರ್ಮು ಬದಲಿಸಿ ಬಂದಿದ್ದರು. ತಕ್ಷಣ ರಘುವಿಗೆ ಫೋನು ಮಾಡಿದೆ. ಅವನು ಪಾರ್ಕಿನಲ್ಲಿ, ದೇವಸ್ಥಾನದಲ್ಲಿ ಎಲ್ಲ ಹುಡುಕಿ ಅಳುವುದೊಂದು ಬಾಕಿ. ದೇವಸ್ಥಾನಕ್ಕೆ ಹೋಗಿ ಬರ್ತೇನೆ ಎಂದು ಹೇಳಿ ಹೊರಟಿದ್ದರಂತೆ. ಇಲ್ಲೇ ಇದ್ದಾರೆ ಎಂದೆ. "ಬರ್ತೇನೆ, ಅಲ್ಲೇ ಕೂರಿಸ್ಕೋ" ಎಂದ.

ಅಪ್ಪಯ್ಯ ಆಗಲೇ ಅಡಿಗೆಮನೆಯಲ್ಲಿದ್ದರು. ಹಸು ಕೊಳ್ಳಲು ಬಂದವರ ಹಾಗೆ ಮೆಷಿನ್ನನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಚೀಲಕ್ಕೆ ಕೈ ಹಾಕಿ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. ಒಳಗೆ ಸ್ಟವ್ ಪಿನ್ನುಗಳು. ಸೀಮೆಎಣ್ಣೆ ಸ್ಟವ್ವಿನ ತೂತು ಕಟ್ಟಿದರೆ ಚುಚ್ಚುತ್ತಿದ್ದೆವಲ್ಲ, ತಗಡಿನ ಹಿಡಿಕೆಗೆ ಕೂದಲಿನಷ್ಟು ಸಪೂರದ ತಂತಿ ಸಿಕ್ಕಿಸಿದ್ದು, ಅದೇ. ಸ್ಟವ್ವುಗಳು ಮನೆಬಿಟ್ಟು ಎಷ್ಟೋ ವರ್ಷವಾಗಿದೆ. ಇವರು ಪಿನ್ನುಗಳನ್ನು ಸಾನಪಾಡಾದ ಬೀರುವಿನಲ್ಲಿ ಇಟ್ಟುಕೊಂಡಿದ್ದರು.

ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟೆ. ಅಪ್ಪಯ್ಯ ಪಿನ್ನನ್ನು ಕೊಳವೆಯ ತುದಿಗೆ ಹಿಡಿದರು. ತಂತಿ ತೂತಿನ ಆಚೆ ಈಚೆ ಅಲ್ಲಾಡಿತು. ಮತ್ತೆ ಹಿಡಿದರು. ಬೆರಳುಗಳು ನಿಲ್ಲಲಿಲ್ಲ. ಅವರು ಅದನ್ನು ಒಂದು ಗಳಿಗೆ ನೋಡಿದರು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಆಮೇಲೆ ಪಿನ್ನನ್ನು ನನ್ನ ಕಡೆ ಚಾಚಿದರು.

"ತಕೋ. ನೀನೇ ಮಾಡು. ನನ್ನ ಕೈ ನಿಲ್ಲುದಿಲ್ಲ ಈಗ."

ನಾನು ತೆಗೆದುಕೊಂಡೆ. ಅಪ್ಪಯ್ಯ ಪಕ್ಕದಲ್ಲಿ ನಿಂತು ಮೊಬೈಲಿನ ಬೆಳಕು ಹಿಡಿದರು. ಬೆಳಕೂ ಸ್ವಲ್ಪ ನಡುಗುತ್ತಿತ್ತು. "ನೆಟ್ಟಗೆ ಹಾಕು. ಒತ್ತಬೇಡ, ತಿರುಪು. ಹಾಗೆ. ಹಾಗೆಯೇ." ತಂತಿ ಏನನ್ನೋ ಮುಟ್ಟಿತು, ನಿಂತಿತು, ಆಮೇಲೆ ಒಳಗೆ ನುಸುಳಿತು. ಒಂದು ಚೂರು ಹಳದಿ ಪುಡಿ ಉದುರಿತು. ನಾಲ್ಕು ತೂತು, ನಾಲ್ಕನ್ನೂ ಬಿಡಿಸಿದೆ. ಗುಂಡಿ ತಿರುಗಿಸಿದೆ. ಚುಸ್ಸ್ ಎಂದು ಹಬೆ ಚಿಮ್ಮಿ ಅಪ್ಪಯ್ಯನ ಕನ್ನಡಕ ಪೂರಾ ಮಂಜಾಯಿತು. ಅದನ್ನು ಒರೆಸಿಕೊಳ್ಳದೆಯೇ ಅವರು ನಗುತ್ತ ನಿಂತಿದ್ದರು.

ಜಾಲರಿ ಹಾಕಿ, ಸ್ಕ್ರೂ ಬಿಗಿದು, ಚಿಕೋರಿಯಿಲ್ಲದ ಪುಡಿ ತುಂಬಿದೆ. ಅದನ್ನೂ ಹಿಂದಿನ ಸಂಜೆಯೇ ಅರವಿಂದ ತಂದಿಟ್ಟಿದ್ದರು. ಮೊದಲ ಲೋಟ ಇಳಿಯಿತು. ದಟ್ಟ, ಕಂದು, ಮೇಲೆ ಬಂಗಾರದ ಕೆನೆ. ಮೂವರೂ ಬಗ್ಗಿ ನೋಡಿದೆವು. ನಾನು ಒಂದು ಗುಟುಕು ಕುಡಿದೆ.

"ಹೆಂಗದ?" ಎಂದರು ಅರವಿಂದ.

"ನಿಂಬೆಹಣ್ಣಿನ ಸಾರು."

ಲಿಂಬೂಫೂಲಿನ ನೀರನ್ನು ನಾನು ಸರಿಯಾಗಿ ತೊಳೆದಿರಲಿಲ್ಲ. ಅಪ್ಪಯ್ಯ ಹಣೆ ಚಚ್ಚಿಕೊಂಡರು. "ಮೂರು ಸಲ ಒಳ್ಳೆ ನೀರು ಓಡಿಸ್ಬೇಕು ಅಂತ ಹೇಳಿದ್ದೆ ನಾನು!" ಹೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ವಾದ ಮಾಡುವವರುಂಟೇ? ಮೂರು ಸಲ ತೊಟ್ಟಿ ತುಂಬಿ ಖಾಲಿ ಮಾಡಿದೆ. ಎರಡನೆಯ ಲೋಟ ಪರವಾಗಿಲ್ಲ ಅನಿಸಿತು. ಮೂರನೆಯದಕ್ಕೆ ಹಾಲು ನೊರೆ ಬರಿಸಿ ಹಾಕಿ ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಮೂಸಿದರು, ಒಂದು ಗುಟುಕು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ಹೋಟೆಲಿನಲ್ಲಿ ದಿನದ ಮೊದಲ ಕಾಫಿಯನ್ನು ಹಾಗೆ ಕುಡಿದು ನೋಡಿಯೇ ಅವರು ಗಿರಾಕಿಗಳಿಗೆ ಬಾಗಿಲು ತೆರೆಸುತ್ತಿದ್ದದ್ದು. ನಾನು ಉಸಿರು ಹಿಡಿದು ನಿಂತಿದ್ದೆ.

"ಕೊಡ್ಬಹುದು" ಎಂದರು.

ಅಷ್ಟರಲ್ಲಿ ಕೆಳಗಿನಿಂದ "ಭಂಗಾರ್‌ವಾಲೇ, ಪೇಪರ್ ರದ್ದೀ" ಎಂಬ ಕೂಗು. ಹನ್ನೊಂದು ಗಂಟೆ. ನಾನು ಅರವಿಂದರ ಮುಖ ನೋಡಿದೆ. ಅವರು ಗಂಭೀರವಾಗಿ ಬಾಲ್ಕನಿಗೆ ಹೋಗಿ ಬಗ್ಗಿ, "ಅರೇ ಭಾಯ್, ಊಪರ್ ಆವೋ" ಎಂದು ಕರೆದರು. ಅವನು ಬಂದ. ಪೇಪರಿನ ಕಟ್ಟನ್ನು ಅವನ ಕೈಗಿತ್ತು, "ಔರ್ ಕುಛ್ ನಹೀ ಹೈ. ಕಾಫಿ ಪಿಯೋಗೇ?" ಎಂದರು, ಕೊಡಲು ಬೇರೇನೂ ಇಲ್ಲ, ಕಾಫಿ ಕುಡೀತೀಯಾ ಎಂದು. ಆಮೇಲೆ ನನ್ನ ಕಡೆ ತಿರುಗಿ, "ನಂಗೂ ಒಂದು ಮಾಡು. ಇಷ್ಟ ದಿನಾ ನಾ ಇದನ್ನ ಸರಿಯಾಗಿ ಕುಡದs ಇಲ್ಲ" ಎಂದರು. ಭಂಗಾರವಾಲಾ ಬಾಗಿಲ ಬಳಿ ನಿಂತು ಕುಡಿದು, ಲೋಟ ಕೊಡುವಾಗ "ಏಕ್‌ದಮ್ ಹೋಟೆಲ್ ಜೈಸಾ" ಎಂದ. ಅಪ್ಪಯ್ಯನಿಗೆ ಅದು ಕೇಳಿಸಿತು. ಕೇಳಿಸದವರ ಹಾಗೆ ಗೋಡೆ ನೋಡಿದರು, ಆದರೆ ಕಿವಿ ಕೆಂಪಾಗಿತ್ತು.

ರಘು ಟ್ಯಾಕ್ಸಿ ಮಾಡಿಕೊಂಡು ಬಂದವನು ಬೆವರಿ ತೊಪ್ಪೆಯಾಗಿದ್ದ. "ಅಪ್ಪಯ್ಯ, ಹೀಗೆ ಯಾರಾದ್ರೂ ಹೋಗ್ತಾರಾ? ನನ್ನ ಎದೆ ಒಡೆದುಹೋಯ್ತು! ನೀವು ಬಿದ್ದುಗಿದ್ದು..."

"ಕೂತ್ಕೋ" ಎಂದರು ಅಪ್ಪಯ್ಯ. "ಮೊದಲು ಕಾಫಿ ಕುಡಿ. ಅಕ್ಕ ಮಾಡಿದ್ದು."

ರಘು ಬೈಯುವುದಕ್ಕೆ ಬಾಯಿ ತೆರೆದವನು ಲೋಟ ತೆಗೆದುಕೊಂಡ. ಅಪ್ಪಯ್ಯ ಅವನಿಗೆ ಸ್ಕ್ರೂವಿನ ಕಥೆ ಶುರುಮಾಡಿದ್ದರು. ಟಕ್ ಎಂದದ್ದು, ಸುಣ್ಣ ಬಿದ್ದದ್ದು, ಹಬೆ ಬಂದದ್ದು. ಕೈ ಎತ್ತಿ ಅಭಿನಯಿಸಿ ಹೇಳುತ್ತಿದ್ದರು. ರಘು ಲೋಟವನ್ನು ತುಟಿಯ ಬಳಿ ಹಿಡಿದು ಕುಡಿಯದೆ ಅವರ ಮುಖವನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟು ಎಲ್ಲೂ ಇರಲಿಲ್ಲ. ಕಾಫಿ ಮುಗಿಸಿ ಎರಡನೆಯ ಲೋಟ ಕೇಳಿದ.

ಊಟ ಮುಗಿದ ಮೇಲೆ, "ಹೊರಡುವಾ ಅಪ್ಪಯ್ಯ?" ಎಂದ.

ಅಪ್ಪಯ್ಯ ಮೆಷಿನ್ನಿನ ತಟ್ಟೆಯನ್ನು ಒರೆಸುತ್ತಿದ್ದರು. "ನಾನು ಬರುದಿಲ್ಲ. ಈ ನೀರಿಗೆ ಇದನ್ನು ವಾರಕ್ಕೊಮ್ಮೆ ಬಿಚ್ಚಬೇಕು, ತಿಂಗಳಿಗೊಮ್ಮೆ ಹುಳಿ ಹಾಕ್ಬೇಕು. ಇವಳಿಗೆ ಕೈ ಉಂಟು, ಆದ್ರೆ ಮರೆವು ಜಾಸ್ತಿ. ಮೂರು ಸಲ ತೊಳಿಲಿಕ್ಕೆ ಹೇಳಿದ್ರೆ ತೊಳಿಲೇ ಇಲ್ಲ."

ಅರವಿಂದ ನಡುವೆ ಬಾಯಿ ಹಾಕಿದರು: "ಇರ್ರಿ ಮಾವ. ನೀವಿದ್ರ ನಮಗೂ ಛಲೋ."

ರಘು ತಲೆ ಕೆರೆದುಕೊಂಡ. ನಕ್ಕ. "ಆಯ್ತು. ನಿಮ್ಮ ಔಷಧಿ, ಬಟ್ಟೆ ಎಲ್ಲ ನಾಳೆ ತಂದುಕೊಡ್ತೇನೆ. ಎಷ್ಟು ಜೊತೆ ಹಾಕ್ಲಿ?"

ಅಪ್ಪಯ್ಯ ಒರೆಸುವ ಬಟ್ಟೆಯನ್ನು ಹಿಂಡಿ, ಕೊಡವಿ, ನಲ್ಲಿಯ ಮೇಲೆ ಹರವಿದರು.

"ಎಲ್ಲ ಹಾಕು" ಎಂದರು.